ಚೀಲದ ಮೇಲಿನ ಇಂಗ್ಲಿಷು

"ಅದು ಶಬ್ದ ಅಲ್ಲ ಅಪ್ಪಯ್ಯ."

ಚೌತಿ ಮುಗಿದು ನಾಲ್ಕು ದಿನವಾಯಿತು, ಈ ಮಾತು ಮಾತ್ರ ಕಿವಿ ಬಿಟ್ಟು ಹೋಗುತ್ತಿಲ್ಲ. ಬೇರೆ ಯಾರೋ ಹೇಳಿದ್ದಾದರೆ ಮರೆಯಬಹುದಿತ್ತು. ಹೇಳಿದವನು ನಾನೇ. 30 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ 88ರ ಅಪ್ಪಯ್ಯನಿಗೆ ಹೇಳಿದ ಮಾತು.

ಹಬ್ಬದ ಮರುದಿನ ಬೆಳಗಿನಿಂದಲೇ ಕರೆಂಟು ಇರಲಿಲ್ಲ. ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಅದು ಸುದ್ದಿಯೇ ಅಲ್ಲ. ಆದರೆ ಬೆಂಗಳೂರಿನಿಂದ ಬಂದ ತಮ್ಮನಿಗೆ ನೆಟ್‌ವರ್ಕ್ ಹೋದರೆ ಜೀವ ಹೋದ ಹಾಗೆ. ಫೋನು ಹಿಡಿದು ಅಂಗಳದ ತುದಿಗೂ ಕೊಟ್ಟಿಗೆಗೂ ತಿರುಗುತ್ತಲೇ ಇದ್ದ. ಅವನ ಮಗಳು ಜಾಣೆ. ಮೆತ್ತಿ ಹತ್ತಿ ನನ್ನ ಹಳೆಯ ಸ್ಕ್ರ್ಯಾಬಲ್ ಡಬ್ಬಿ ಇಳಿಸಿಕೊಂಡು ಬಂದಳು.

1930ರ ದಶಕದಲ್ಲಿ ಅಮೆರಿಕದ ಆಲ್‌ಫ್ರೆಡ್ ಬಟ್ಸ್ ಎಂಬ ಆರ್ಕಿಟೆಕ್ಟ್ ಕೆಲಸ ಕಳೆದುಕೊಂಡು ಕೂತಾಗ ಹುಟ್ಟಿಸಿದ, ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಇಂಗ್ಲಿಷ್ ಶಬ್ದ ಕಟ್ಟುವ ಆಟವಿದು. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೂತು ಎಣಿಸಿದನಂತೆ. ಅದಕ್ಕೇ 100 ಬಿಲ್ಲೆಗಳಲ್ಲಿ ಇ 12 ಇವೆ, ಕ್ಯೂ ಒಂದೇ. ಕೆ ಕೂಡ ಒಂದೇ. ನಮ್ಮ ಡಬ್ಬಿಯಲ್ಲಿ ಕಳೆದು ಹೋದದ್ದೂ ಅದೇ. "ಅದಕ್ಕೆಂತ ಆತು" ಎಂದು ಅಪ್ಪಯ್ಯ ಅಡಕತ್ತರಿಯಲ್ಲಿ ಒಂದು ಅಡಿಕೆ ಹೋಳು ನಯವಾಗಿ ಕತ್ತರಿಸಿ ಕೊಟ್ಟ. ಕೂಸು ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕೆ ಬರೆದಳು. ಅಡಿಕೆಯ ಒಳಗಿನ ಬಿಳಿ ಗೆರೆಗಳ ನಡುವೆ ಆ ನೀಲಿ ಅಕ್ಷರ ಸ್ವಲ್ಪ ಹರಡಿಕೊಂಡಿತು.

ಮೊದಲ ಆಟ ಅವಳದು. ಕೈಗೆ ಬಂದ ಏಳು ಬಿಲ್ಲೆ: ಎ, ಎ, ಸಿ, ಇ, ಐ, ಆರ್, ವಿ. ಇಂಥ ಅಕ್ಷರ ಸಿಕ್ಕರೆ ಮೇಷ್ಟರ ಬಾಯಿ ಸುಮ್ಮನಿರುವುದಿಲ್ಲ. "ರೇಸ್ ಇದೆ, ಕೇರ್ ಇದೆ, ಏಕರ್ ಇದೆ, ಹುಡುಕು" ಎಂದು ನಾನೇ ಶುರು ಮಾಡಿದೆ. ಅವಳಿಗೆ ನಾಲ್ಕಕ್ಷರದ್ದು ಸಾಲದು. ಈ ಕಾಲದ ಮಕ್ಕಳು ಆಡುವ ರೀತಿಯೇ ಬೇರೆ. ಕ್ಯೂ ಪಕ್ಕ ಯು ಇಲ್ಲದ 'ಚಿ', 'ಕಾಟ್' ಅಂಥವನ್ನೆಲ್ಲ ಪಟ್ಟಿ ನೋಡಿ ಬಾಯಿಪಾಠ ಮಾಡಿರುತ್ತಾರೆ. ಅರ್ಥ ಕೇಳಿದರೆ "ಪಾಯಿಂಟ್ ಬರುತ್ತೆ" ಅನ್ನುತ್ತಾರೆ. ನನಗೆ ಅದು ಆಟ ಅನ್ನಿಸುವುದಿಲ್ಲ, ಲೆಕ್ಕಪತ್ರ ಅನ್ನಿಸುತ್ತದೆ.

ಅಷ್ಟರಲ್ಲಿ ಕವಳ ಹಾಕುತ್ತ ಕೂತಿದ್ದ ಅಪ್ಪಯ್ಯ ಬಗ್ಗಿ, ಸುಣ್ಣ ಹತ್ತಿದ ತೋರುಬೆರಳನ್ನು ಮಡಚಿ ಕಿರುಬೆರಳಲ್ಲಿ ಐದು ಬಿಲ್ಲೆಗಳನ್ನು ಒಂದೊಂದಾಗಿ ಸರಿಸಿದ. ಎ, ಆರ್, ಇ, ಸಿ, ಎ.

"ಅರೇಕ" ಅಂದ.

ಆಗ ಹೇಳಿದೆ ನೋಡಿ, ಆ ಮಾತು. ಅಲ್ಲಿಗೂ ನಿಲ್ಲಿಸಲಿಲ್ಲ. "ಅರೆಕಾನಟ್ ಅಂತ ಪೂರ್ತಿ ಬರೆಯವು. ನಟ್ ಇಲ್ಲದೆ ಅದಕ್ಕೆ ಅರ್ಥ ಇಲ್ಲೆ."

"ಚೀಲದ ಮೇಲೆ ಇದ್ದಲಾ ತಮಾ, ಬೇರೆ ಬೇರೆ ಬರದ್ದ."

"ಚೀಲದ ಮೇಲೆ ಎಂತ ಬೇಕಾದ್ರೂ ಬರೀತ."

ಅಪ್ಪಯ್ಯ ಬೆರಳು ಹಿಂದಕ್ಕೆ ತೆಗೆದುಕೊಂಡ. ಸಿಟ್ಟೇನೂ ಬಂದಿರಲಿಲ್ಲ. "ಹೌದನ" ಎಂದು ಎಲೆಯ ನಾರು ತೆಗೆಯತೊಡಗಿದ. ಆ ಬೆರಳು ಹಿಂದೆ ಸರಿದದ್ದೇ ಈಗಲೂ ಕಣ್ಣ ಮುಂದೆ ಬರುತ್ತದೆ. ಇಂಗ್ಲಿಷ್ ವರ್ಣಮಾಲೆಯನ್ನು ಆತ ಕ್ರಮವಾಗಿ ಕಲಿತವನಲ್ಲ. ಎಷ್ಟೋ ವರ್ಷ ಚೀಲ ಹೊಲಿದು, ಗಾಡಿಗೇರಿಸಿ, ಮಂಡಿಯಲ್ಲಿ ತೂಕಕ್ಕೆ ಇಟ್ಟು, ಆ ಐದು ಅಕ್ಷರಗಳನ್ನು ಚಿತ್ರದ ಹಾಗೆ ನೋಡಿ ನೋಡಿ ಇಟ್ಟುಕೊಂಡವನು.

ಕೂಸು ಬಿಡಲಿಲ್ಲ. "ದೊಡ್ಡಪ್ಪ, ಡಿಕ್ಷನರಿ ತೆಗಿ." ಫೋನು ಸತ್ತಿತ್ತಲ್ಲ, ಬೆನ್ನು ಕಿತ್ತುಹೋದ ನನ್ನ ಆಕ್ಸ್‌ಫರ್ಡನ್ನೇ ತೆಗೆದೆ. ಇತ್ತು. ನಟ್ ಗಿಟ್ ಏನೂ ಇಲ್ಲದೆ, ಒಂಟಿಯಾಗಿ, ತಾಳೆಯ ಜಾತಿಯ ಮರ ಎಂಬ ಅರ್ಥದೊಂದಿಗೆ. ಪೋರ್ಚುಗೀಸರು ಮಲಯಾಳದ 'ಅಡಕ್ಕ'ವನ್ನು ಬಾಯಿಗೆ ಬಂದಂತೆ ಅಂದುಕೊಂಡು ಒಯ್ದದ್ದು, ಅಲ್ಲಿಂದ ಇಂಗ್ಲಿಷಿಗೆ ಹೋದದ್ದು; ನಮ್ಮ ಅಡಿಕೆಯ ದಾಯಾದಿ. 1753ರಲ್ಲಿ ಲಿನೇಯಸ್ ಮರಕ್ಕೆ ಶಾಸ್ತ್ರೀಯ ಹೆಸರಿಟ್ಟಾಗಲೂ ಮೊದಲ ಪದ ಅದೇ. ನನಗೆ ಗೊತ್ತಿರಬೇಕಿತ್ತು. ಅಡಿಕೆ ದುಡ್ಡಿನಲ್ಲೇ ಬಿ.ಎ. ಇಂಗ್ಲಿಷ್ ಓದಿದವನು ನಾನು.

ಮಣೆಯ ನಡುಚೌಕದ ದುಪ್ಪಟ್ಟು ಸೇರಿ 14 ಅಂಕ. ನಮ್ಮ ಮನೆಯ ಕಾನೂನಿನಂತೆ, ತಪ್ಪು ತಕರಾರು ತೆಗೆದವನ ಸರದಿ ಹೋಯಿತು.

ಸರದಿ ಕಳೆದುಕೊಂಡು ಸುಮ್ಮನೆ ಕೂತವನಿಗೆ ಅಂಕೋಲಾ ಕಡೆಯ ಸಮುದ್ರದಂಚಿನ ಶಾಲೆ ನೆನಪಾಯಿತು. ಮೊದಲ ನೌಕರಿ, ಮೈತುಂಬ ಉಮೇದು. ಬೋರ್ಡಿನ ಮೇಲೆ ಒಂದು ದೊಡ್ಡ ಶಬ್ದ ಬರೆದು, ಅದರ ಅಕ್ಷರಗಳಿಂದಲೇ ಸಣ್ಣ ಶಬ್ದ ಹುಡುಕಿಸುತ್ತಿದ್ದೆ. ಅವತ್ತು 'ಕಾರ್ಪೊರೇಷನ್' ಬರೆದಿದ್ದೆ. ಹುಡುಗರು ಕಾರ್, ರೇನ್, ಟ್ರೇನ್ ಎನ್ನುತ್ತಿದ್ದರು. ಆ ಶಬ್ದದಲ್ಲಿ ಇ ಇಲ್ಲದಿದ್ದರೂ 'ಪೇಪರ್' ಎಂದವನೂ ಇದ್ದ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ಮಾತಾಡದೆ, ಸಿ-ಒ-ಪಿ-ಆರ್-ಎ ಎಂದು ಬರೆದ. ಕೊಪ್ರಾ.

"ಏನೋ ಇದು, ಕೊಬ್ಬರಿಯನ್ನು ಇಂಗ್ಲಿಷಿನಲ್ಲಿ ಬರೆದುಬಿಟ್ಟರೆ ಇಂಗ್ಲಿಷ್ ಆಗ್ತದೇನೋ?" ಅಂದೆ. ಕ್ಲಾಸು ನಕ್ಕಿತು. ನಾನೂ ನಕ್ಕೆ, ನನ್ನ ಮಾತು ನನಗೇ ಇಷ್ಟವಾಗಿತ್ತು. ಅವನು ಡಸ್ಟರ್ ಹುಡುಕಲಿಲ್ಲ. ಅಂಗೈಯಲ್ಲೇ ಉಜ್ಜಿ ಅಳಿಸಿ, ಚಡ್ಡಿಗೆ ಕೈ ಒರೆಸಿಕೊಂಡು ಹೋಗಿ ಕೂತ. ಚಡ್ಡಿಯ ಮೇಲೆ ಬಿಳಿ ಗುರುತು ಸಂಜೆಯವರೆಗೂ ಇತ್ತು. ಕೊಪ್ರಾ ಅಪ್ಪಟ ಇಂಗ್ಲಿಷ್ ಶಬ್ದ, ಅದೂ ಮಲಯಾಳದಿಂದ ಪೋರ್ಚುಗೀಸರ ಕೈಯಲ್ಲೇ ಹೋದದ್ದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. ಅದೇ ಕಾರ್ಪೊರೇಷನ್ನಿನಲ್ಲಿ 'ಕಾಯರ್', ಅಂದರೆ ತೆಂಗಿನ ನಾರು ಕೂಡ ಇತ್ತು. ಮನೆಯ ಹಿತ್ತಿಲಲ್ಲಿ ಕೊಬ್ಬರಿ ಒಣಗುವುದನ್ನು ಕಂಡು ಬರುವ ಮಕ್ಕಳಿಗೆ ನಾನು ಟ್ರೇನು ಹುಡುಕಿಸುತ್ತಿದ್ದೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಗೆ ಆಗಿನ್ನೂ ಕೊಂಕಣ ರೈಲೂ ಬಂದಿರಲಿಲ್ಲ.

ಆ ಹುಡುಗನಿಗೆ ಆ ಅಕ್ಷರಗಳು ಎಲ್ಲಿ ಸಿಕ್ಕಿದ್ದವು? ಬಹುಶಃ ಚೀಲದ ಮೇಲೆಯೇ. ನಾನು ಕೇಳಲೂ ಇಲ್ಲ.

ರಾತ್ರಿ ಕರೆಂಟು ಬಂತು, ನೆಟ್‌ವರ್ಕೂ ಬಂತು, ತಮ್ಮನಿಗೆ ಜೀವವೂ ಬಂತು. ಅಕ್ಷರ ಕೊಟ್ಟರೆ ಶಬ್ದ ಹುಡುಕಿಕೊಡುವ ಆ್ಯಪಿನಲ್ಲಿ ಆ ಏಳು ಅಕ್ಷರ ಹಾಕಿ ನನ್ನ ಮೂಗಿನ ಮುಂದೆ ಹಿಡಿದ. ಏಳೂ ಬಳಸುವ ಶಬ್ದಗಳು ಎದುರಿಗೇ ಇದ್ದವು: 'ಅವರಿಸ್', ಅಂದರೆ ದುರಾಸೆ, ಮತ್ತು 'ಕ್ಯಾವಿಯಾರ್', ಮೀನಿನ ಮೊಟ್ಟೆ. ಯಾವುದನ್ನು ಇಟ್ಟಿದ್ದರೂ ಏಳು ಬಿಲ್ಲೆಯ ಬೋನಸ್ 50 ಸೇರಿ 74ಕ್ಕೆ ಕಡಿಮೆಯಿಲ್ಲ. "ಇಂಗ್ಲಿಷ್ ಮೇಷ್ಟ್ರಿಗೆ ಕಂಡಿದ್ದೇ ಇಲ್ಯ?" ಎಂದ. ಇವನಿಗೆ ಇಂಥ ಸಮಯಕ್ಕೆ ಮಾತು ಚೆನ್ನಾಗಿ ಬರುತ್ತದೆ.

ಮಣೆ ಇನ್ನೂ ಜಗಲಿಯ ಮೇಲೇ ಇತ್ತು. ಊಟ ಮುಗಿಸಿ ಬಂದ ಅಪ್ಪಯ್ಯ ಅದರ ಮುಂದೆ ಕೂತು, "ಕೊಳೆರೋಗ ಹೇಳದು ಇಂಗ್ಲಿಷಲ್ಲಿ ಇದ್ದಾ?" ಎಂದು ಕೇಳಿದ. ಈ ಸಲ ನಾನು ಅಲ್ಲ ಅನ್ನಲಿಲ್ಲ. ಇದೆ. 1910ರಲ್ಲೇ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ಕೊಳೆರೋಗ ಎಂಬ ನಮ್ಮ ಶಬ್ದವನ್ನೇ ಇಟ್ಟುಕೊಂಡಿದ್ದ. ಅದನ್ನು ಹೇಳಿದ್ದೇ ತಡ, ಕೂಸು ಬೆರಳು ಮಡಚಿ ಎಣಿಸಿದಳು. ಎಂಟು ಅಕ್ಷರ. ಕೈಯಲ್ಲಿ ಏಳೇ ಬಿಲ್ಲೆ ಇರುತ್ತವೆ, ಒಂದು ಮಣೆಯ ಮೇಲೆ ಮೊದಲೇ ಇರಬೇಕು. ಇತ್ತಲ್ಲ. ಅರೆಕಾದ ಆರ್‌ಗೆ ಅಡ್ಡವಾಗಿ, ಅಡಿಕೆ ಹೋಳಿನ ಕೆಯಿಂದ ಶುರುಮಾಡಿ, ಮೇಲಿನಿಂದ ಕೆಳಗೆ ಜೋಡಿಸಿದಳು.

ಅಪ್ಪಯ್ಯ ಸ್ವಲ್ಪ ಹೊತ್ತು ನೋಡಿದ. ಹೊರಗೆ ಮಳೆ ಮತ್ತೆ ಹಿಡಿದಿತ್ತು.

"ಅದೊಂದು ತೆಗಿಯೇ ಕೂಸೆ" ಅಂದ. "ಇನ್ನೊಂದು ಸಲ ಔಷಧಿ ಹೊಡ್ಸದು ಬಾಕಿ ಇದ್ದು."