ಒಂದು ಸೀಟಿ ಅಂದರೆ ನಿಲ್ಲಿ

ನಮ್ಮ ಚಿಕ್ಕಪ್ಪ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಆರು ವರ್ಷವಾದರೂ ಮನೆಯ ಬೀಗದ ಕೈ ಗೊಂಚಲಲ್ಲಿ ಅವರ ಹಳೆಯ ಸೀಟಿ ನೇತಾಡುತ್ತಲೇ ಇತ್ತು. ಕಪ್ಪು ಪ್ಲಾಸ್ಟಿಕ್ಕಿನದು, ಒಳಗೊಂದು ಬೆಂಡಿನ ಗೋಲಿ, ಬಾಯಿಗಿಡುವ ತುದಿಯಲ್ಲಿ ಹಲ್ಲು ಕಚ್ಚಿ ಕಚ್ಚಿ ಬಿದ್ದ ಎರಡು ಗುಳಿ. ಅಕ್ಟೋಬರಿನ ಒಂದು ಭಾನುವಾರ ಅದು ಅವರ ಜೇಬಿನಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಯಲು ಧೈರ್ಯವಾಗುವುದಿಲ್ಲ.

ಸರ್ಪದಾರಿ ಹತ್ತಿ ಮುಳ್ಳಯ್ಯನಗಿರಿಗೆ ಹೋಗಿದ್ದೆವು. ನಾನು, ತಮ್ಮ, ನಾದಿನಿ, ಅವರ ಹನ್ನೊಂದು ವರ್ಷದ ಮಗಳು ಮತ್ತು ಚಿಕ್ಕಪ್ಪ. 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಎತ್ತರದ ಶಿಖರ. ಆದರೂ ಚಿಕ್ಕಮಗಳೂರಿನವರಾದ ನಮಗೆ ಅದು ಮನೆ ಹಿಂದಿನ ಗುಡ್ಡದಷ್ಟು ಸಲಿಗೆ. ಹತ್ತುವಾಗ ಮಗು ತನ್ನ ಬ್ಯಾಗಿನ ಎದೆಪಟ್ಟಿಯ ಬಕಲ್ ಬಾಯಿಗಿಟ್ಟು ಪೀ ಪೀ ಎಂದು ಊದುತ್ತಿತ್ತು. ಆ ಬ್ಯಾಗು ನಾನೇ ನಾಲ್ಕು ವರ್ಷ ಬಳಸಿ ಅವಳಿಗೆ ಕೊಟ್ಟದ್ದು. ಆ ಬಕಲ್ಲೇ ಒಂದು ಸೀಟಿ ಎಂದು ನನಗೆ ಗೊತ್ತೇ ಇರಲಿಲ್ಲ. ‘ಸುಮ್ನೆ ಬಾರೇ, ತಲೆನೋವು’ ಎಂದು ಗದರಿದೆ.

ದರ್ಶನ ಮುಗಿಸಿ ಇಳಿಯುವಾಗ ಚಿಕ್ಕಪ್ಪ ‘ನೀವು ನಡೀತಿರಿ, ಬಂದೆ’ ಎಂದು ಬಂಡೆಯ ಹಿಂದೆ ಹೋದರು. ಅಷ್ಟರಲ್ಲಿ ಮಂಜು ಏರಿತು. ಗಿರಿಯ ಮಂಜು ನೋಡಿದವರಿಗೆ ಗೊತ್ತು, ಅದು ನಿಧಾನವಾಗಿ ಕವಿಯುವುದಿಲ್ಲ. ಎದುರಿಗಿದ್ದ ಇಳಿಜಾರು ನೋಡನೋಡುತ್ತ ಇಲ್ಲವಾಗುತ್ತದೆ. ಹದಿನೈದು ನಿಮಿಷ ಕಳೆದು ತಿರುಗಿ ನೋಡಿದರೆ ಹತ್ತು ಅಡಿ ಆಚೆಗೆ ಬರೀ ಬಿಳುಪು. ಚಿಕ್ಕಪ್ಪ ಇಲ್ಲ. ಫೋನಿಗೆ ಸಿಗ್ನಲ್ಲೂ ಇಲ್ಲ.

ಕೂಗಿದೆವು. ನಾಲ್ವರೂ ಒಟ್ಟಿಗೆ, ಒಬ್ಬರ ದನಿಯ ಮೇಲೆ ಒಬ್ಬರು. ಗಾಳಿ ಎದುರಿಗಿತ್ತು, ಕೂಗಿದ್ದೆಲ್ಲ ನಮ್ಮ ಮುಖಕ್ಕೇ ವಾಪಸ್ ಬಂದ ಹಾಗಾಗುತ್ತಿತ್ತು. ಸ್ವಲ್ಪ ಹೊತ್ತಿಗೇ ನನ್ನ ಗಂಟಲು ಕಟ್ಟಿತು. ತಮ್ಮ ಒಬ್ಬನೇ ಮೇಲೆ ಓಡಲು ಹೊರಟ. ಕೈಹಿಡಿದು ನಿಲ್ಲಿಸಿದೆ. ಇವನೂ ತಪ್ಪಿಸಿಕೊಂಡರೆ ಯಾರನ್ನು ಹುಡುಕುವುದು?

ಆಗ ಕೆಳಗಿನಿಂದ ಒಬ್ಬ ಹಿರಿಯರು ಬಂದರು. ಕಾಫಿತೋಟದಲ್ಲಿ ಕೆಲಸ ಮಾಡುವವರಂತೆ, ಹರಕೆಗೆಂದು ಬರಿಗಾಲಲ್ಲಿ ಹತ್ತುತ್ತಿದ್ದರು. ನಮ್ಮ ಗಲಾಟೆ ಕೇಳಿ, ‘ಒಂದ್ಗಳಿಗೆ ಸುಮ್ನಿರ್ರವ್ವಾ. ನೀವೇ ಕೂಗ್ತಿದ್ರೆ ಅವ್ರು ಕೂಗಿದ್ದು ನಿಮಗೆ ಕೇಳೋದ್ಯಾವಾಗ?’ ಎಂದರು.

ಸುಮ್ಮನಾದೆವು. ಹುಲ್ಲಿನ ಮೇಲೆ ಗಾಳಿಯ ಸದ್ದು, ಅಷ್ಟೇ. ನನ್ನ ಎದೆ ಬಡಿತ ನನಗೇ ಕೇಳಿಸುತ್ತಿತ್ತು. ಆಮೇಲೆ ಬಹಳ ಸಣ್ಣಗೆ, ಉದ್ದಕ್ಕೆ ಒಂದು ಸೀಟಿ. ಹಿಂದಿನ ದಾರಿಯಿಂದಲ್ಲ, ಎಡಗಡೆ ತಗ್ಗಿನಿಂದ.

‘ತಾತನ ಸೀಟಿ!’ ಎಂದಿತು ಮಗು.

ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಭಾಷೆ ಅದು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ರೈಟ್. ಚಿಕ್ಕಪ್ಪ ನಮಗೆ ‘ನಿಲ್ಲಿ’ ಎನ್ನುತ್ತಿದ್ದರು. ಗದರಿದ್ದು ನೆನಪಾಗಿ ಕಣ್ಣು ತುಂಬಿ ಬಂತು. ‘ಎರಡು ಊದು ಪುಟ್ಟಾ’ ಎಂದೆ. ಅವಳು ಬಕಲ್ ಬಾಯಿಗಿಟ್ಟು ಎರಡು ಊದಿದಳು. ತಡವಿಲ್ಲದೆ ಅತ್ತಲಿಂದ ಎರಡು ಬಂತು.

ಹಿರಿಯರು ಮುಂದೆ, ನಾವು ಒಬ್ಬರ ಕೈ ಒಬ್ಬರು ಹಿಡಿದು ಹಿಂದೆ. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಊದುವುದು, ಉಸಿರು ಬಿಗಿಹಿಡಿದು ಕೇಳುವುದು. ನಡುವೆ ಒಮ್ಮೆ ಉತ್ತರವೇ ಬರಲಿಲ್ಲ. ಆ ಎರಡು ನಿಮಿಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ತಿಳಿಯಿತು, ಮಂಜಿನ ತೇವಕ್ಕೂ ಎಂಜಲಿಗೂ ನೆಂದು ಗೋಲಿ ಅಂಟಿಕೊಂಡಿತ್ತಂತೆ. ಊದಿದರೆ ಬರೀ ಪುಸ್ ಎಂದು ಗಾಳಿ. ಅಂಗೈಗೆ ತಟ್ಟಿ, ಕೊಡವಿ, ಒರೆಸಿ ಮತ್ತೆ ಊದಿದ್ದರು.

ಚಿಕ್ಕಪ್ಪ ದನದ ಜಾಡನ್ನೇ ದಾರಿ ಎಂದುಕೊಂಡು ಇಳಿದು, ಒದ್ದೆ ಹುಲ್ಲಿನಲ್ಲಿ ಜಾರಿ, ಮೊಣಕಾಲು ತಿರುಚಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಹುಲ್ಲಿನ ಬುಡ, ಹಿಮ್ಮಡಿಯಲ್ಲಿ ರಕ್ತ ಕುಡಿದು ಉಬ್ಬಿದ ಇಂಬಳ, ತುಟಿಯ ನಡುವೆ ಸೀಟಿ. ನಾವು ಕಣ್ಣೆದುರು ನಿಂತ ಮೇಲೂ ಇನ್ನೊಮ್ಮೆ ಊದಿದರು. ‘ಎದ್ದು ಓಡಾಡಿದ್ರೆ ನಿಮಗೆ ಸಿಗೋಲ್ಲ ಅನ್ನಿಸ್ತು, ಕೂತಲ್ಲೇ ಊದ್ತಿದ್ದೆ’ ಎಂದರು. ಮೊದಲಿನಿಂದಲೂ ಊದುತ್ತಲೇ ಇದ್ದರಂತೆ. ನಾವು ಅರಚುತ್ತಿದ್ದೆವು.

ತಮ್ಮನೂ ಆ ಹಿರಿಯರೂ ಹೆಗಲು ಕೊಟ್ಟು ಕೆಳಗಿಳಿಸಿದರು. ಮೂರು ವಾರ ಕಾಲಿಗೆ ಪಟ್ಟಿ.

ಆಮೇಲೆ ನಾನು ಸೀಟಿಯ ಬೆನ್ನು ಹತ್ತಿದೆ. ನಮ್ಮ ಕಿವಿ ಅತಿ ಚುರುಕಾಗಿರುವುದು ಎರಡು ಸಾವಿರದಿಂದ ಐದು ಸಾವಿರ ಹರ್ಟ್ಸ್ ನಡುವಿನ ಸದ್ದಿಗೆ. ಸೀಟಿಯ ಕೀರಲು ದನಿ ಹೆಚ್ಚುಕಡಿಮೆ ಅಲ್ಲೇ ಬರುತ್ತದೆ. ಗಂಟಲಿನ ಹಾಗೆ ಅದು ಕಟ್ಟುವುದೂ ಇಲ್ಲ, ಉಸಿರಾಡುವಷ್ಟು ಶಕ್ತಿಯಿದ್ದರೆ ಸಾಕು. ಗೋಲಿಯ ತೊಂದರೆಗೂ ಪರಿಹಾರವಿದೆ. ರಾನ್ ಫಾಕ್ಸ್‌ಕ್ರಾಫ್ಟ್ ಎಂಬ ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿಗೆ 1984ರಲ್ಲಿ ಪಂದ್ಯದ ನಡುವೆಯೇ ಗೋಲಿ ಸಿಕ್ಕಿಕೊಂಡು ಸೀಟಿ ಕೈಕೊಟ್ಟಿತು. ಆತ ಗೋಲಿಯೇ ಇಲ್ಲದ ಸೀಟಿ ಮಾಡಿಸಿ 1987ರಲ್ಲಿ ಮಾರಾಟಕ್ಕೆ ತಂದ. ಫಾಕ್ಸ್ 40 ಎಂದು ಹೆಸರು. ನಾನು ತರಿಸಿದ್ದೂ ಗೋಲಿಯಿಲ್ಲದ್ದನ್ನೇ, ಐದು.

ಎಷ್ಟು ಸಲ ಊದಬೇಕು ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಆಲ್ಪ್ಸ್ ಬೆಟ್ಟಗಳಲ್ಲಿ ನಿಮಿಷಕ್ಕೆ ಆರು, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿದವರು ನಿಮಿಷಕ್ಕೆ ಮೂರರಂತೆ ಉತ್ತರಿಸುತ್ತಾರೆ. ಅಮೆರಿಕದ ಕಡೆ ಮೂರು ಊದಿದರೆ ಸಹಾಯ ಬೇಕು ಎಂದೇ ಅರ್ಥ. ನಾವು ಆ ಮೂರನ್ನೇ ಇಟ್ಟುಕೊಂಡೆವು: ಮೂರು ಊದು, ಒಂದು ನಿಮಿಷ ಕಿವಿಗೊಡು, ಮತ್ತೆ ಮೂರು. ಉತ್ತರಕ್ಕೆ ಮಾತ್ರ ಚಿಕ್ಕಪ್ಪನ ಎರಡೇ. ಖುಷಿಗೆ ಊದುವುದಿಲ್ಲ. ಕಾಡುಪ್ರಾಣಿಗಳಿಗೆ ಹಿಂಸೆ, ಅಲ್ಲದೆ ನಿಜವಾಗಿ ಬೇಕಾದಾಗ ಯಾರೂ ತಿರುಗಿ ನೋಡುವುದಿಲ್ಲ. ಇದನ್ನು ಗದರದೆ ಹೇಳಿದೆ, ಮಗು ಒಪ್ಪಿತು.

ಜನವರಿಯಲ್ಲಿ ಚಿಕ್ಕಪ್ಪನೇ ಮತ್ತೆ ಗಿರಿಗೆ ಹೋಗೋಣ ಎಂದರು. ಸರ್ಪದಾರಿಯ ಬುಡದಲ್ಲಿ ನಿಂತು ಒಬ್ಬೊಬ್ಬರ ಕೊರಳನ್ನೂ ನೋಡಿದರು. ತಮ್ಮನ ಸೀಟಿ ಬ್ಯಾಗಿನೊಳಗೆ ಊಟದ ಡಬ್ಬಿಯ ಅಡಿಯಲ್ಲಿತ್ತು. ಅದನ್ನು ತೆಗೆಸಿ ಕೊರಳಿಗೆ ಹಾಕಿಸಿದ ಮೇಲೇ ಅವರು ಮೊದಲ ಹೆಜ್ಜೆ ಇಟ್ಟದ್ದು.