ಮುಯ್ಯಾಳಿನ ಲೆಕ್ಕ

"ಅದೆಂತ ಕೆಲ್ಸನವ್ವ ನಿಂದು?" ಅಂತ ಅಪ್ಪ ಕೇಳಿ ಆರು ವರ್ಷ ಆಯಿತು. ಆಗಿನ್ನೂ ಜರ್ಮನಿಯ ಒಂದು ತಾಂತ್ರಿಕ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿಗೆ ಸೇರಿದ ಹೊಸತು. ರಜಕ್ಕೆ ಮಂಡ್ಯದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಬೇರೆ ದೇಶದ ಕಾಲೇಜುಗಳ ಜೊತೆ ಒಪ್ಪಂದ ಮಾಡಿಸೋದು, ಅವರ ಹುಡುಗರು ಒಂದು ಸೆಮಿಸ್ಟರ್ ನಮ್ಮಲ್ಲಿಗೆ, ನಮ್ಮವರು ಅವರಲ್ಲಿಗೆ, ಹೋದ ಕಡೆ ಫೀಸ್ ಕಟ್ಟೋ ಹಾಗಿಲ್ಲ, ತಮ್ಮ ಕಾಲೇಜಿಗೆ ಕಟ್ಟಿದ್ದರೆ ಸಾಕು ಅಂತ ವಿವರಿಸಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ, "ಅಂಗಂದ್ರೆ ಮುಯ್ಯಾಳು ಕಣವ್ವ" ಅಂದರು.

ಇದಕ್ಕಿಂತ ಚೆನ್ನಾಗಿ ನಮ್ಮ ಆಫೀಸಿನ ಯಾವ ಕರಪತ್ರವೂ ಹೇಳಿಲ್ಲ. ನಿಮ್ಮ ಗದ್ದೆ ನಾಟಿಗೆ ನಮ್ಮನೆಯಿಂದ ನಾಲ್ಕಾಳು ಬಂದರೆ, ನಮ್ಮ ನಾಟಿಗೆ ನಿಮ್ಮನೆಯಿಂದ ನಾಲ್ಕಾಳು. ಕೂಲಿ ಇಲ್ಲ, ಲೆಕ್ಕ ಇದೆ. ನಮ್ಮಲ್ಲೂ ಒಂದು ಎಕ್ಸೆಲ್ ಶೀಟ್ ಇದೆ. ಒಂದೊಂದು ಕಾಲೇಜಿನ ಹೆಸರಿನ ಮುಂದೆ ಎಷ್ಟು ಜನ ಬಂದರು, ಎಷ್ಟು ಜನ ಹೋದರು ಅಂತ. ಒಂದು ಕಡೆಯೇ ಭಾರ ಜಾಸ್ತಿ ಆದರೆ ಮುಂದಿನ ವರ್ಷ ಸೀಟು ಕಡಿಮೆ.

ಅದಾಗಿ ಎರಡು ವರ್ಷಕ್ಕೆ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಜೊತೆ ನಮ್ಮ ಎಂಒಯು, ಅಂದರೆ ಒಟ್ಟಿಗೆ ಕೆಲಸ ಮಾಡ್ತೀವಿ ಅನ್ನೋ ಒಡಂಬಡಿಕೆ ಪತ್ರ, ಆಯಿತು. ನಮ್ಮ ಪ್ರೊಫೆಸರಿಗೆ ಮೈಸೂರು ಪೇಟ, ಗಂಧದ ಹಾರ, ಶಾಲು. ಪೇಟ ಕಿವಿ ಮೇಲೆ ಇಳಿಯುತ್ತಿತ್ತು, ಅವರು ಅದನ್ನು ಹಿಡಿದುಕೊಂಡೇ ಸಹಿ ಹಾಕಿದರು. ಕೆಲಸ ಮುಗಿಯಿತು ಅಂತ ನಾನು ಅಂದುಕೊಂಡೆ. ನಿಜಕ್ಕೂ ಶುರುವೇ ಆಗಿರಲಿಲ್ಲ. ಎಂಒಯು ಅನ್ನೋದು ವೀಳ್ಯ ಬದಲಾಯಿಸಿಕೊಂಡ ಹಾಗೆ ಅಷ್ಟೇ. ಮದುವೆ ಖರ್ಚು, ಛತ್ರ, ಅಡುಗೆಯವರು ಯಾವುದೂ ಅದರಲ್ಲಿರಲ್ಲ. ಎಷ್ಟು ಸೀಟು, ಇನ್ಶೂರೆನ್ಸ್ ಯಾರದ್ದು, ಅಂಕಪಟ್ಟಿ ಯಾವಾಗ ಕಳಿಸಬೇಕು, ಇದಕ್ಕೆಲ್ಲ ಬೇರೆ ಒಪ್ಪಂದ ಬೇಕು.

ಆಮೇಲೆ ಕ್ರೆಡಿಟ್ಟಿನ, ಅಂದರೆ ಒಂದೊಂದು ವಿಷಯ ಎಷ್ಟು ಓದಿದ್ದಾರೆ ಅನ್ನೋ ಅಳತೆಯ, ತಲೆನೋವು. ನಮ್ಮ ಭಾರತದ ಕಡೆ ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಯುರೋಪಿನ ಕ್ರೆಡಿಟ್ ಪದ್ಧತಿ ಇಸಿಟಿಎಸ್ ಪಾಠವನ್ನಷ್ಟೇ ಎಣಿಸಲ್ಲ. ಮನೆಯಲ್ಲಿ ಓದಿದ್ದು, ಅಸೈನ್‌ಮೆಂಟ್ ಬರೆದದ್ದು, ಪರೀಕ್ಷೆಗೆ ಕೂತದ್ದು ಎಲ್ಲ ಸೇರಿ 25ರಿಂದ 30 ಗಂಟೆಗೆ ಒಂದು. ಒಬ್ಬರು ಕಬ್ಬನ್ನು ಗಾಡಿ ಲೆಕ್ಕದಲ್ಲಿ ಹೇಳುತ್ತಾರೆ, ಇನ್ನೊಬ್ಬರು ಟನ್ ಲೆಕ್ಕದಲ್ಲಿ. ನಮ್ಮ ನಾಲ್ಕು ವರ್ಷದ ಕೋರ್ಸಿಗೆ ಸುಮಾರು 160 ಕ್ರೆಡಿಟ್, ಅವರಲ್ಲಿ ವರ್ಷಕ್ಕೆ 60ರಂತೆ 240. ಒಂದೂವರೆಯಿಂದ ಗುಣಿಸಿದರೆ ಆಯ್ತಲ್ವಾ? ಆಗಲ್ಲ. ಗಾಡಿಯಲ್ಲಿ ಏನಿದೆ ಅಂತಲೂ ನೋಡಬೇಕು. ಮೈಸೂರು ಕಾಲೇಜಿನ ಮೆಕ್ಯಾನಿಕಲ್ ಮೇಷ್ಟ್ರ ಸರಸ್ವತಿಪುರಂ ಮನೆಯಲ್ಲಿ ಎರಡು ಸಂಜೆ ಕೂತು, ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದೆವು. ಅಲ್ಲಿ ಒಂದೇ ಪೇಪರಿನಲ್ಲಿರುವುದು ಇಲ್ಲಿ ಎರಡು ಸೆಮಿಸ್ಟರಿಗೆ ಹಂಚಿಹೋಗಿತ್ತು. ಮೇಷ್ಟ್ರ ಮನೆಯವರು ಮೂರು ಸಲ ಕಾಫಿ ಕೊಟ್ಟರು, ನಾಲ್ಕನೇ ಸಲ ಕೊಡಲಿಲ್ಲ.

ಗ್ರೇಡಿನದ್ದು ಇನ್ನೊಂದು ಕತೆ. ಜರ್ಮನಿಯಲ್ಲಿ 1 ಅಂದರೆ ಎಲ್ಲಕ್ಕಿಂತ ಮೇಲೆ, 4 ಅಂದರೆ ಬರೀ ಪಾಸು. ಬೇರೆ ದೇಶದ ಅಂಕವನ್ನು ಜರ್ಮನ್ ಗ್ರೇಡಿಗೆ ತಿರುಗಿಸೋಕೆ ಬವೇರಿಯನ್ ಸೂತ್ರ ಅಂತ ಒಂದಿದೆ. ಹತ್ತಕ್ಕೆ 4 ಪಾಸು ಅಂತ ಹಿಡಿದರೆ ನಮ್ಮ 8.5 ಅಲ್ಲಿ 1.75 ಆಗುತ್ತದೆ. ಒಬ್ಬ ಹುಡುಗನ ತಾಯಿ ಕಾಗದ ನೋಡಿ, ಮಗ ಅಲ್ಲಿ ಹೋಗಿ ಕೆಟ್ಟ ಅಂತ ಅತ್ತೇ ಬಿಟ್ಟರಂತೆ.

ಫೀಸ್ ಇಲ್ಲ ಅಂದ ಮಾತ್ರಕ್ಕೆ ಪುಕ್ಕಟೆಯೂ ಅಲ್ಲ. ವೀಸಾಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಖಾತೆಯಲ್ಲಿ ತೋರಿಸಬೇಕು, ಹತ್ತಿರ ಹತ್ತಿರ ಲಕ್ಷ ರೂಪಾಯಿ. ಸ್ಕಾಲರ್‌ಶಿಪ್ ಇದೆ. 1925ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಹುಟ್ಟಿದ, ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿ ಕೊಡುತ್ತದೆ. 1987ರಲ್ಲಿ ಶುರುವಾದ ಯುರೋಪಿನ ವಿನಿಮಯ ಯೋಜನೆ ಎರಾಸ್ಮಸ್ 2015ರಿಂದ ಭಾರತದಂಥ ದೇಶಗಳ ವಿದ್ಯಾರ್ಥಿ ವಿನಿಮಯಕ್ಕೂ ದುಡ್ಡು ಕೊಡುತ್ತಿದೆ. ಆದರೆ ಎರಾಸ್ಮಸ್ ದುಡ್ಡಿಗೆ ಅಲ್ಲಿನ ವಿಶ್ವವಿದ್ಯಾಲಯ ಅರ್ಜಿ ಹಾಕಬೇಕು. ಸುಮ್ನೆ ಬರಲ್ಲ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಏಪ್ರಿಲ್‌ಗೆ ಶುರುವಾಗುವ ಸೆಮಿಸ್ಟರಿಗೆ ಹೆಸರು ಕಳಿಸಿ ಅಂತ ಮೈಸೂರಿಗೆ ಮೇಲ್ ಹಾಕಿದೆ. ಕೊನೆ ದಿನ ಅಕ್ಟೋಬರ್‌ನಲ್ಲಿ. ಉತ್ತರ ಇಲ್ಲ. ಮತ್ತೆ ಹಾಕಿದೆ, ಇಲ್ಲ. ಸೀಟು ಇನ್ನೊಂದು ಕಾಲೇಜಿಗೆ ಹೋಯಿತು. ಆಮೇಲೆ ಕ್ಯಾಲೆಂಡರ್ ನೋಡಿದರೆ ಅದು ದಸರಾ ವಾರ! ಜರ್ಮನ್ನರಿಗೆ ಗೊತ್ತಿಲ್ಲದಿದ್ದರೆ ಸರಿ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ನಾನು! ಈಗ ನನ್ನ ಮೇಜಿನ ಮೇಲೆ ನಮ್ಮ ಪಂಚಾಂಗದ ಕ್ಯಾಲೆಂಡರ್ ಇದೆ.

ಚೆನ್ನೈ ಐಐಟಿಯಂಥವರ ಮಾತು ಬೇರೆ. ಅದನ್ನು 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದಲೇ ಕಟ್ಟಿದ್ದು. ಹೋಗಿ ಬಂದು ಮಾಡಿದ ಮೇಷ್ಟ್ರುಗಳ ನಂಟು ಅಂದಿನಿಂದ ಇದೆ. ನಮ್ಮ ಮೈಸೂರಿನಂಥ ಕಾಲೇಜಿಗೆ ನಂಟು ಹೊಸದಾಗಿ ಬೆಳೆಯಬೇಕು. ಇನ್ನೊಂದು ಕಾಲೇಜಿನಲ್ಲಿ ಡೀನ್ ಬದಲಾದರು, ಒಪ್ಪಂದವೂ ಅವರ ಜೊತೆಗೇ ಹೋಯಿತು. ಫೋಟೋ ಗೋಡೆ ಮೇಲಿದೆ.

ಮೈಸೂರಿನದ್ದು ಉಳಿದದ್ದು ಒಂದು ಆಲೆಮನೆಯಿಂದ. ಸಹಿ ಆದ ಮಾರನೆಯ ದಿನ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಪ್ರೊಫೆಸರನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಅವರ ವಿಷಯ ಶಾಖ. ಕೊಪ್ಪರಿಗೆ ಕುದಿಯುತ್ತಿತ್ತು. ಅಲ್ಲಿದ್ದ ಅಣ್ಣ ಒಂದು ಚೂರು ಪಾಕ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಆಯ್ತು, ಇಳಿಸಿ" ಅಂದರು. ಪ್ರೊಫೆಸರು ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಇಟ್ಟರು. 118 ಡಿಗ್ರಿ. ಮುಂದಿನ ಕೊಪ್ಪರಿಗೆಗೂ ಕಾದರು. ಮತ್ತೆ 118ರ ಆಸುಪಾಸು. ಆಮೇಲೆ ಒಲೆಯ ಬಾಯಿ, ಹೊಗೆ ಕೊಳವೆ, ಒಣ ಸಿಪ್ಪೆ ಎಷ್ಟು ಹಾಕುತ್ತೀರಿ ಅಂತ ಕೇಳಿದ್ದೇ ಕೇಳಿದ್ದು. ವಿಮಾನ ತಪ್ಪುವುದೊಂದು ಬಾಕಿ.

ಆ ಒಲೆಯಲ್ಲಿ ಎಷ್ಟು ಶಾಖ ಸುಮ್ನೆ ಹೊಗೆಯ ಜೊತೆ ಹೋಗುತ್ತೆ ಅಂತ ಅಳೆಯೋದೇ ಮೊದಲ ಜಂಟಿ ಪ್ರಾಜೆಕ್ಟ್ ಆಯಿತು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಆದ್ದರಿಂದ ಪೇಪರ್ ಹೊಂದಿಸುವ ಗೋಳೂ ಇಲ್ಲ. ಜರ್ಮನಿಯ ಹುಡುಗಿಯೊಬ್ಬಳು ಮೂರು ತಿಂಗಳು ಇದ್ದಳು. ಹಾಸ್ಟೆಲ್ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತೆ ಅಂತ ಕೇಳಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಮೇಷ್ಟ್ರ ಮನೆಯ ಮಹಡಿಗೆ ಬಂದಳು.

ಇಲ್ಲಿವರೆಗೆ ಮೈಸೂರಿನಿಂದ ಏಳು ಜನ ಇಲ್ಲಿಗೆ ಬಂದಿದ್ದಾರೆ. ಇಲ್ಲಿಂದ ಹೋದವರು ಇಬ್ಬರೇ. ಭಾನುವಾರ ಫೋನ್ ಮಾಡಿದರೆ, ಊಟ ಆಯ್ತಾ ಅನ್ನೋಕೆ ಮುಂಚೆ ಅಪ್ಪ ಕೇಳುತ್ತಾರೆ: "ನಿಮ್ಮೋರ್ದು ಇನ್ನೂ ಐದಾಳು ಬಾಕಿ ಅದೆ, ನೆಪ್ಪೈತಾ?"