ಐದನೇ ಭಾನುವಾರದ ಹಾಡುಕೂಟ

ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿ ಚರ್ಚುಗಳಲ್ಲಿ, ತಿಂಗಳಿಗೆ ಐದು ಭಾನುವಾರ ಬಿದ್ದರೆ ಆ ಐದನೆಯದನ್ನು ಹಾಡಿಗೆಂದೇ ಬಿಡುವ ರೂಢಿ ಹಲವೆಡೆ ಇದೆ. ಉತ್ತರ ಅಲಬಾಮದ ಪುಟ್ಟ ಬ್ಯಾಪ್ಟಿಸ್ಟ್ ಚರ್ಚೊಂದರಲ್ಲಿ ಅಂಥ ದಿನವನ್ನು ಬೇಸ್ (ಗಂಡಸರ ಕೆಳದನಿ) ಸಾಲಿನ ತುದಿಯಲ್ಲಿ ಕೂತು ಕಂಡದ್ದು ಹೀಗೆ. ಕಂಟ್ರಿ ಗಾಸ್ಪೆಲ್ (ಅಮೆರಿಕದ ಹಳ್ಳಿ ಧಾಟಿಯ ಕ್ರೈಸ್ತ ಭಕ್ತಿಗೀತೆ) ಎಂದರೆ ಒಬ್ಬ ಗಾಯಕ, ಒಂದು ಗಿಟಾರು ಎಂದುಕೊಂಡು ಹೋದವರಿಗೆ ಮೊದಲ ಅಚ್ಚರಿ ಬಾಗಿಲಲ್ಲೇ. ಅಲ್ಲಿ ನಿಂತವರು ಕೇಳುವುದು ‘ಯಾವ ಪಾರ್ಟ್?’ ಎಂದು, ಊರು, ಹೆಸರು ಆಮೇಲೆ. ಕೇಳುಗರಿಗೆಂದು ಬೆಂಚೇ ಇಲ್ಲ. ಸೊಪ್ರಾನೊ, ಆಲ್ಟೊ (ಹೆಂಗಸರ ಮೇಲಿನ, ಕೆಳಗಿನ ಧ್ವನಿ), ಟೆನರ್, ಬೇಸ್ (ಗಂಡಸರ ಮೇಲಿನ, ಕೆಳಗಿನ ಧ್ವನಿ) ಎಂದು ನಾಲ್ಕು ಗುಂಪು, ಎದುರಿಗೆ ಪಿಯಾನೊ, ಮುಂದೆ ನಿಂತು ಹಾಡಿಸುವವರು ಸರದಿಯಂತೆ ಬದಲಾಗುತ್ತಾರೆ.

ಕೈಗೆ ಸಿಗುವುದು ರಟ್ಟಿನ ಹೊದಿಕೆಯ ತೆಳು ಪುಸ್ತಕ. ಅದರ ಸ್ವರಚಿಹ್ನೆಗಳೆಲ್ಲ ದುಂಡಗಿಲ್ಲ. ದೋ ನೆಟ್ಟಗೆ ನಿಂತ ತ್ರಿಕೋನ, ರೇ ಅರ್ಧವೃತ್ತ, ಮೀ ಇಸ್ಪೀಟಿನ ಡೈಮಂಡ್, ಫಾ ಲಂಬಕೋನದ ತ್ರಿಕೋನ, ಸೋ ಗುಂಡು, ಲಾ ಚೌಕ, ತೀ ಮೇಲೆ ದುಂಡು ಕೆಳಗೆ ಚೂಪು. ದೋ ಎಂಬುದು ನಮ್ಮ ಷಡ್ಜದ ಹಾಗೆ, ಶ್ರುತಿ ಬದಲಾದರೆ ತಾನೂ ಜರುಗುತ್ತದೆ. ಸ್ವರಲಿಪಿಯ ಗೆರೆ ಎಣಿಸದೆ, ಆಕಾರ ನೋಡಿ ಹಾಡಬಹುದು. ನಾಲ್ಕು ಆಕಾರಗಳ ಪದ್ಧತಿ 1801ರಷ್ಟು ಹಳೆಯದು. ಜೆಸ್ಸಿ ಐಕಿನ್ 1846ರಲ್ಲಿ ಅದನ್ನು ಏಳಕ್ಕೆ ಏರಿಸಿದರು. ಬೇಸಾಯದ ಬಿಡುವಿನಲ್ಲಿ ಊರೂರಿಗೆ ಬರುತ್ತಿದ್ದ ಹಾಡಿನ ಮೇಷ್ಟ್ರುಗಳು ಒಂದೆರಡು ವಾರದ ಶಾಲೆಯಲ್ಲಿ ಇದನ್ನು ಕಲಿಸಿ, ಪುಸ್ತಕ ಮಾರಿ ಹೋಗುತ್ತಿದ್ದರು. ಭಕ್ತಿಯ ಜೊತೆಗೆ ವ್ಯಾಪಾರವೂ ಚೆನ್ನಾಗಿಯೇ ನಡೆಯುತ್ತಿತ್ತು. ಟೆನೆಸಿಯ ಲಾರೆನ್ಸ್‌ಬರ್ಗಿನ ಪ್ರಕಾಶಕ ಜೇಮ್ಸ್ ವಾನ್ 1910ರಲ್ಲಿ ಸಂಬಳ ಕೊಟ್ಟು ನಾಲ್ವರು ಗಾಯಕರನ್ನು ಊರೂರು ಸುತ್ತಿಸಿದ್ದು ಪುಸ್ತಕ ಖರ್ಚಾಗಲಿ ಎಂದೇ. ದಕ್ಷಿಣದ ಗಾಸ್ಪೆಲ್ ಕ್ವಾರ್ಟೆಟ್ ಎಂಬ ಕಸುಬು ಹುಟ್ಟಿದ್ದು ಹಾಗೆ.

ಪ್ರಾರ್ಥನೆ ಮುಗಿದು ಮೊದಲು ಎತ್ತಿಕೊಂಡದ್ದು ಆಲ್ಬರ್ಟ್ ಬ್ರಮ್ಲಿಯ ‘ಐ ವಿಲ್ ಫ್ಲೈ ಅವೇ’ (ನಾನು ಹಾರಿಹೋಗುವೆ). ಬ್ರಮ್ಲಿ ಒಕ್ಲಹೋಮದ ಹತ್ತಿ ಹೊಲದವರು. 1929ರಲ್ಲಿ ಬರೆದದ್ದು 1932ರಲ್ಲಿ ಅರ್ಕಾನ್ಸಾದ ಹಾರ್ಟ್‌ಫರ್ಡ್ ಕಂಪನಿಯ ಪುಸ್ತಕದಲ್ಲಿ ಅಚ್ಚಾಯಿತು. ಹೊಲದಲ್ಲಿ ಹತ್ತಿ ಬಿಡಿಸುತ್ತ ಆ ಕಾಲದ ಜನಪ್ರಿಯ ಜೈಲಿನ ಹಾಡೊಂದನ್ನು ಗುನುಗುವಾಗ ಇದು ಹೊಳೆಯಿತಂತೆ. ಬೈಬಲಿನ ಕೀರ್ತನೆಗಳ ಪುಸ್ತಕದ 90ನೇ ಅಧ್ಯಾಯದಲ್ಲೂ ಮನುಷ್ಯ ಹಾರಿಹೋಗುವ ಮಾತಿದೆ. ಅಲ್ಲಿ ಅದು ಆಯುಸ್ಸು ಗಿಡ್ಡ ಎಂಬ ಕೊರಗು. ಬ್ರಮ್ಲಿಯಲ್ಲಿ ಅದೇ ಬಿಡುಗಡೆಯ ಸಡಗರ. ಪರಲೋಕದ ನಿರೀಕ್ಷೆಯನ್ನು ಇಷ್ಟು ಚುರುಕು ತಾಳದಲ್ಲಿ ಹಾಡುವುದು ಈ ಜನಕ್ಕೆ ಅಸಂಗತ ಅನಿಸುವುದೇ ಇಲ್ಲ. ಶವಸಂಸ್ಕಾರದಲ್ಲೂ ಹಾಡುವುದು ಇದನ್ನೇ.

ಮೂರೇ ಸ್ವರಗುಚ್ಛಗಳ (ಕಾರ್ಡ್) ಹಾಡು, ಆದರೂ ಹೊಸಬರು ಎಡವುವುದು ಪಲ್ಲವಿಯಲ್ಲಿ. ಮೇಲಿನ ಧ್ವನಿ ಒಂದು ಸ್ವರದ ಮೇಲೆ ನೀಳವಾಗಿ ನಿಂತಾಗ ಕೆಳಗಿನ ಧ್ವನಿಗಳು ಆ ಬಿಡುವಿನಲ್ಲಿ ಮರುದನಿ ಕೊಡಬೇಕು. ಸೊಪ್ರಾನೊ ಕೇಳಿಸಿಕೊಂಡು, ಆಮೇಲೆ ಉಸಿರೆಳೆದು ಹಾಡಲು ಹೊರಟರೆ ಅರ್ಧ ಪೆಟ್ಟು ತಡವಾಯಿತೆಂದೇ ಲೆಕ್ಕ. ಉಸಿರು ಮೊದಲೇ ತುಂಬಿರಬೇಕು, ಕಿವಿ ಪಿಯಾನೊದ ಎಡಗೈ ಮೇಲೆ, ಕಣ್ಣು ಹಾಡಿಸುವವರ ಕೈ ಮೇಲೆ ಇರಬೇಕು. ನಾಲ್ಕು ಪೆಟ್ಟಿನ ತಾಳದಲ್ಲಿ ಕೈ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ ಹೋಗುತ್ತದೆ. ಕೆಳಗೆ ಬಂದದ್ದು ಒಂದನೇ ಪೆಟ್ಟು. ಆಲ್ಟೊಗಳ ತೊಂದರೆ ಬೇರೆ. ಅವರಿಗೆ ಸಾಲುಗಟ್ಟಲೆ ಒಂದೇ ಸ್ವರ ಬರುತ್ತದೆ, ಬೇಸರಕ್ಕೆ ಮನಸ್ಸು ಸೊಪ್ರಾನೊದ ರಾಗದ ಹಿಂದೆ ಹೋಗಿಬಿಡುತ್ತದೆ. ಪಕ್ಕದಲ್ಲಿ ಗಟ್ಟಿ ಆಲ್ಟೊ ಒಬ್ಬರನ್ನು ಕೂರಿಸುವುದೇ ಮದ್ದು. ಧ್ವನಿಮುದ್ರಿಕೆಗಳಲ್ಲಿ ಕಂಟ್ರಿ ಗಾಯಕರು ಈ ಮರುದನಿಗಳನ್ನು ಬಹುಪಾಲು ಕತ್ತರಿಸಿ ರಾಗ ಮಾತ್ರ ಉಳಿಸಿಕೊಂಡರು. ಹಾಡಿನ ಅರ್ಧ ಜೀವ ಅಲ್ಲೇ ಹೋಯಿತು ಎಂಬುದು ಬೇಸ್ ಸಾಲಿನವರ ದೂರು, ಒಪ್ಪತಕ್ಕದ್ದೇ.

ಆ ಗಾಯಕರು ಬಂದದ್ದೂ ಇದೇ ಬೆಂಚುಗಳಿಂದ. 1927ರಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಮೊದಲ ರೆಕಾರ್ಡು ಕೊಟ್ಟ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್‌ಗೆ ಹಾಡು ಕಲಿಸಿದ್ದು ಅವರ ಸೋದರಮಾವ, ಹಾಡಿನ ಶಾಲೆ ನಡೆಸುತ್ತಿದ್ದ ಫ್ಲ್ಯಾಂಡರ್ಸ್ ಬೇಯ್ಸ್. ‘ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್’ ಮೂಲದಲ್ಲಿ ಅಡಾ ಹ್ಯಾಬರ್‌ಶನ್ ಬರೆದು ಚಾರ್ಲ್ಸ್ ಗೇಬ್ರಿಯಲ್ ರಾಗ ಹಾಕಿದ 1907ರ ಚರ್ಚ್ ಹಾಡು. ಅಗಲಿದವರೆಲ್ಲ ಪರಲೋಕದಲ್ಲಿ ಕೂಡುತ್ತೇವೆಯೇ ಎಂದು ಕೇಳುತ್ತದೆ. ಕಾರ್ಟರ್‌ನ 1935ರ ರೂಪದಲ್ಲಿ ತಾಯಿಯ ಹೆಣ ಹೊತ್ತ ಗಾಡಿಯನ್ನು ಮಗ ಕಿಟಕಿಯಲ್ಲಿ ನಿಂತು ನೋಡುತ್ತಾನೆ. ಉಪದೇಶದ ಹಾಡು ಮನೆಯ ಸಾವಿನ ಹಾಡಾಯಿತು. ಕರಿಯರ ಚರ್ಚಿನ ಋಣವೂ ದೊಡ್ಡದು: ಕಂಟ್ರಿ ಗಾಯಕ ರೆಡ್ ಫೋಲಿ 1951ರಲ್ಲಿ ಮನೆಮಾತಾಗಿಸಿದ ‘ಪೀಸ್ ಇನ್ ದ ವ್ಯಾಲಿ’ಯನ್ನು ಕಟ್ಟಿದ್ದು ಥಾಮಸ್ ಡಾರ್ಸಿ, ಹಿಂದೊಮ್ಮೆ ಬ್ಲೂಸ್ ಎಂಬ ಲೌಕಿಕ ಸಂಗೀತದ ಪಿಯಾನೊ ನುಡಿಸುತ್ತಿದ್ದವರು.

ಬೆಳಗಿನಲ್ಲಿ ಕಿರಿಕಿರಿಯಾದದ್ದು ಒಂದೇ. ಹೊತ್ತು ಉಳಿಸಲು ಮೂರನೇ ಚರಣ ಬಿಡುವ ಚಟ ಬ್ಯಾಪ್ಟಿಸ್ಟರಲ್ಲಿ ಹಳೆಯದು, ಅವರೇ ಅದನ್ನು ಹಾಸ್ಯ ಮಾಡುತ್ತಾರೆ. ಆದರೆ ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ (ನನ್ನ ಆತ್ಮ ನೆಮ್ಮದಿಯಾಗಿದೆ) ಹಾಡಿನ ಮೂರನೇ ಚರಣವೇ ಪಾಪವೆಲ್ಲ ಶಿಲುಬೆಗೆ ಜಡಿಯಲ್ಪಟ್ಟಿತು ಎಂದು ಹೇಳುವುದು. ಅದನ್ನು ಹಾರಿಸಿದರೆ ನೆಮ್ಮದಿ ಉಳಿಯುತ್ತದೆ, ನೆಮ್ಮದಿಗೆ ಕಾರಣ ಉಳಿಯುವುದಿಲ್ಲ. ಚರಣ ಬಿಡಲೇಬೇಕೆಂದಿದ್ದರೆ ಓದಿ ನೋಡಿ ಬಿಡಬೇಕು, ಎಣಿಸಿ ಅಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಬೆಳೆದ ಕನ್ನಡ ಕ್ರೈಸ್ತ ಸಭೆಗಳ ಕ್ವಾಯರ್‌ಗಳಲ್ಲೂ ನಾಲ್ಕು ಧ್ವನಿಯ ಹಾಡುಗಾರಿಕೆ ಇದೆ. ಅಲ್ಲಿನವರಿಗೂ ಈ ಮಾತು ಹೇಳಬಹುದು.

ಮಧ್ಯಾಹ್ನ ಮರದಡಿ ಉದ್ದನೆಯ ಮೇಜುಗಳು. ಕರಿದ ಕೋಳಿ, ಜೋಳದ ಬ್ರೆಡ್, ಬೆಣ್ಣೆ ಹಾಕಿ ಬೇಯಿಸಿದ ಕಾಳು, ಬಾಳೆಹಣ್ಣಿನ ಪುಡಿಂಗ್, ಹಲ್ಲು ಜುಮ್ಮೆನ್ನುವಷ್ಟು ಸಿಹಿಯಾದ ತಣ್ಣನೆ ಚಹಾ. ಮನೆ ಮನೆಯಿಂದ ತಂದದ್ದು, ಯಾರ ಪಾತ್ರೆಯೂ ಖಾಲಿಯಾಗದೆ ಹಿಂದಿರುಗಬಾರದು ಎಂಬುದು ಅಲ್ಲಿನ ಮರ್ಯಾದೆ.

ಊಟದ ಮೇಲೆ ಶ್ರುತಿ ಇಳಿಯುತ್ತದೆ. ತುಂಬಿದ ಹೊಟ್ಟೆಯಲ್ಲಿ ಉಸಿರು ಮೇಲೆಯೇ ನಿಲ್ಲುತ್ತದೆ. ಪಿಯಾನೊ ಇಲ್ಲದೆ ಹಾಡುವ ಚರಣಗಳಲ್ಲಿ ಮೀ ಮತ್ತು ತೀ ಸ್ವರಗಳು ಮೊದಲು ಜೋತುಬೀಳುತ್ತವೆ. ಮತ್ತೆ ಪಿಯಾನೊ ಸೇರಿಕೊಂಡಾಗ ಆ ಅಂತರ ಎಲ್ಲರ ಕಿವಿಗೂ ಚುಚ್ಚುತ್ತದೆ. ಅನುಭವಿಗಳು ಈ ಹೊತ್ತಿನಲ್ಲಿ ಚುರುಕಿನ ಹಾಡನ್ನೇ ಕರೆಯುತ್ತಾರೆ, ನಿಧಾನದ್ದನ್ನು ಸಂಜೆಗೆ ಇಡುತ್ತಾರೆ. ಕಡೆಗೆ ಯಾರೂ ಹಿಂದೆ ನೋಡಿರದ ಹೊಸ ಹಾಡೊಂದನ್ನು ತೆರೆಸಿದರು. ಮೊದಲು ಮಾತಿಲ್ಲದೆ ಬರೀ ದೋ ರೇ ಮೀ. ನಾಲ್ಕು ಗುಂಪೂ ಬೇರೆ ಬೇರೆ ಸ್ವರದ ಹೆಸರು ಕೂಗುವುದರಿಂದ ಗದ್ದಲದಂತೆಯೇ ಕೇಳುತ್ತದೆ. ಪಲ್ಲವಿಯ ಹತ್ತಿರ ಟೆನರ್ ಸಾಲು ಒಂದು ಪೆಟ್ಟು ಮುಂದೆ ಓಡಿತು. ಹಾಡಿಸುತ್ತಿದ್ದ ಹಿರಿಯರು ಕೈ ನಿಲ್ಲಿಸಲಿಲ್ಲ, ಟೆನರ್‌ಗಳತ್ತ ತಿರುಗಿ ಅವರ ಸಾಲನ್ನೇ ಜೋರಾಗಿ ಹಾಡಿದರು. ಎರಡೇ ತಾಳಾವರ್ತದಲ್ಲಿ ಎಲ್ಲ ಕೂಡಿತು. ‘ಈಗ ಮಾತು ಹಾಕಿ’ ಎಂದರು, ಮೂರನೇ ಚರಣವನ್ನೂ ಸೇರಿಸಿ ಹಾಡಿಸಿದರು.